ಆಣಿ ಮಾಡಿಸಿ ಸಾಲ ತೀರಿಸಬ್ಯಾಡ್ರಿ

ಮಗ ಜೂಜಿನಾಗ ರೊಕ್ಕ ಕಳಕೊಂಡಾನ ಅಂತ ಗೊತ್ತಾದ ಮೇಲೆ ನಮ್ಮ ಕಡೆ ಮನೆಗಳಲ್ಲಿ ಏನೇನು ನಡೆಯುತ್ತದೆ ಅನ್ನುವುದು ನನಗೀಗ ಬಾಯಿಪಾಠ. ಅಪ್ಪ ಎರಡು ಬಾರಿಸುತ್ತಾನೆ. ಅವ್ವ ಅಡ್ಡ ಬರುತ್ತಾಳೆ. ಸೋದರಮಾವನಿಗೆ ಫೋನ್ ಹೋಗುತ್ತದೆ. ಅವನು ಬಂದು ನಾಲ್ಕು ಬುದ್ಧಿಮಾತು ಹೇಳಿ, ಹುಡುಗನನ್ನು ಸಿದ್ಧಾರೂಢರ ಮಠಕ್ಕೋ ಮನೆದೇವರ ಗುಡಿಗೋ ಕರೆದುಕೊಂಡು ಹೋಗಿ "ಇನ್ನ ಮುಟ್ಟಂಗಿಲ್ಲ" ಅಂತ ಆಣೆ ಮಾಡಿಸುತ್ತಾನೆ. ಮರುದಿನ ಬಂಗಾರ ಒತ್ತಿ ಇಟ್ಟು ಸಾಲವನ್ನೆಲ್ಲ ಒಂದೇ ಏಟಿಗೆ ತೀರಿಸುತ್ತಾರೆ. ಓಣಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲವಲ್ಲ, ಅಷ್ಟೇ ಸಮಾಧಾನ.

ನಾನು ಗದಗ-ಬೆಟಗೇರಿಯ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಬಂಗಾರ ಸಾಲದ ಟೇಬಲ್ಲಿಗೆ ಕೂಡುವವಳು. ಬಿಡಿಸಿಕೊಂಡು ಹೋದ ಪಾಟ್ಲಿ, ಬೋರಮಾಳ ಮತ್ತೆ ನನ್ನ ತಕ್ಕಡಿಗೆ ಬರುವುದನ್ನು ನೋಡುತ್ತೇನೆ. ಎರಡನೇ ಸಲ ಬರುವಾಗ ಅತ್ತೆಯ ಬಂಗಾರದ ಜೊತೆ ಸೊಸೆಯದೂ ಇರುತ್ತದೆ. "ಇದೊಂದ ಸಲ ಅಷ್ಟರೀ ಅಕ್ಕಾರ, ಗುಡ್ಯಾಗ ಆಣಿ ಮಾಡ್ಯಾನ." ಈ ಮಾತು ಕೇಳಿದಾಗೆಲ್ಲ ಸಾಲದ ಅರ್ಜಿ ಕೊಡುವ ಕೈ ತಡೆಯುತ್ತದೆ. ಆದರೂ ಕೊಡುತ್ತೇನೆ, ಅದು ನನ್ನ ಕೆಲಸ. ಹೇಳಬೇಕಾದ್ದನ್ನು ಟೇಬಲ್ಲಿನ ಆಚೆ ಇಲ್ಲಿ ಹೇಳುತ್ತಿದ್ದೇನೆ.

ಜೂಜಿಗೆ ಬಿದ್ದವನಿಗೆ ಸಾಲದ ಭಾರ ಇರುವವರೆಗೂ ಒಂದು ಹೆದರಿಕೆ ಇರುತ್ತದೆ. ಅದನ್ನು ಗುಟ್ಟಾಗಿ, ಪೂರ್ತಿಯಾಗಿ, ಅವನ ಕೈಯಲ್ಲೇ ರೊಕ್ಕ ಕೊಟ್ಟು ತೀರಿಸಿಬಿಟ್ಟರೆ ಹೆದರಿಕೆ ಹೋಗುತ್ತದೆ, ಆಸೆ ಮಾತ್ರ ಉಳಿಯುತ್ತದೆ. ಇನ್ನೊಂದು ಸಲ ಬಿದ್ದರೆ ಎತ್ತುವವರು ಇದ್ದಾರೆ ಅನ್ನುವುದೂ ಗೊತ್ತಾಗಿರುತ್ತದೆ. ಮೇಲಾಗಿ ಅವನು ಹೇಳಿದ ಸಾಲದ ಅಂಕಿ ಪೂರ್ತಿ ಇರುವುದಿಲ್ಲ. ನಾಚಿಕೆಗೆ ಅರ್ಧ ಮುಚ್ಚಿಟ್ಟಿರುತ್ತಾನೆ. ಆ ಉಳಿದರ್ಧ ತೀರಿಸಲು ಮತ್ತೆ ಆಟಕ್ಕೇ ಹೋಗುತ್ತಾನೆ. ಹುಡುಗರ ಮಾತಿನಲ್ಲಿ ಇದಕ್ಕೆ "ಲಾಸ್ ಕವರ್" ಅಂತಾರೆ.

ಬೆಟಗೇರಿಯ ಮಗ್ಗದವರೊಬ್ಬರು ಒಂದು ಮಧ್ಯಾಹ್ನ ಮಗನ ಯುಪಿಐ ಸ್ಟೇಟ್‌ಮೆಂಟ್ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದರು. (ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ.) ಹುಡುಗ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪೊಲೀಸ್ ಪರೀಕ್ಷೆಗೆ ಓದುತ್ತಿದ್ದ. "ಇಂಗ್ಲಿಷ್‌ನಾಗ ಐತ್ರಿ ಅಕ್ಕಾರ, ಏನ್ ಬರದೈತಿ ಅಷ್ಟ ಓದಿ ಹೇಳ್ರಿ" ಅಂದರು.

ಓದಿದೆ. ಮೊದಲ ಪುಟದಲ್ಲಿ ಮೆಸ್ಸು, ಚಹಾ, ಝೆರಾಕ್ಸು, ಲೈಬ್ರರಿ ಫೀ. ನಡುವೆ ಯಾವುದೋ ಗೊತ್ತಿಲ್ಲದ ಹೆಸರಿಗೆ 200 ರೂಪಾಯಿ. ಎರಡು ದಿನ ಬಿಟ್ಟು ಮತ್ತೆ 200. ಆಮೇಲೆ ಒಂದು ಜಮಾ, 1,450. ಆ ಸಾಲಿನ ಮೇಲೆ ಬೆರಳಿಟ್ಟು "ಇಲ್ಲೆ ನೋಡ್ರಿ, ಇಲ್ಲೆ ಗೆದ್ದಾನ" ಅಂದೆ. ಅವರಿಗೆ ಅರ್ಥ ಆಗಲಿಲ್ಲ. ಮಗ ಸೋತದ್ದು ಎಲ್ಲಿ ಅಂತ ಹುಡುಕಲು ಬಂದವರಿಗೆ ನಾನು ಗೆದ್ದ ಜಾಗ ತೋರಿಸುತ್ತಿದ್ದೆ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಚಹಾ ಇಲ್ಲ, ಝೆರಾಕ್ಸ್ ಇಲ್ಲ. 500, 500, 1,000, 2,000, ಒಂದೊಂದೂ ಒಂದೊಂದು ಹೆಸರಿಗೆ. ವೇಳೆ ನೋಡಿದರೆ ರಾತ್ರಿ ಒಂದೂವರೆ, ಒಂದು ಮೂವತ್ತೆರಡು, ಒಂದು ಮೂವತ್ತಮೂರು. ಬೆಳಗಿನ ಜಾವ ಸಾಲದ ಆ್ಯಪ್‌ನಿಂದ ಮೂರು ಸಾವಿರ ಚಿಲ್ಲರೆ ಜಮಾ. ಅದು ಐದು ಸಾವಿರದ ಸಾಲ, ಉಳಿದದ್ದನ್ನು ಮೊದಲೇ ಮುರಿದುಕೊಂಡಿದ್ದರು. ಹತ್ತು ನಿಮಿಷಕ್ಕೆ ಅದೂ ಖಾಲಿ.

ಅವರು ಕೇಳಿದ್ದು ಒಂದೇ ಪ್ರಶ್ನೆ. "ಇಷ್ಟ ಊರಿನ ಇಷ್ಟೊಂದ ಮಂದಿ ನನ್ನ ಮಗಗ ಹೆಂಗ ಗುರ್ತಾದ್ರು?"

ಗುರ್ತಿಲ್ಲ. ಅವೆಲ್ಲ ಬಾಡಿಗೆ ಖಾತೆಗಳು. ವಾಟ್ಸಾಪ್‌ನಲ್ಲಿ "ಐಡಿ", ಅಂದರೆ ಬಾಜಿ ಕಟ್ಟುವ ಲಾಗಿನ್, ಕೊಡುವ ಬುಕ್ಕಿ ತನ್ನ ಹೆಸರಿನಲ್ಲಿ ರೊಕ್ಕ ತೆಗೆದುಕೊಳ್ಳುವುದಿಲ್ಲ. ಕಮಿಷನ್ ಆಸೆಗೆ ಪಾಸ್‌ಬುಕ್, ಎಟಿಎಂ, ಸಿಮ್ಮು ಕೊಟ್ಟ ಯಾರೋ ಬಡಪಾಯಿಯ ಖಾತೆಗೆ ಹಾಕಿಸುತ್ತಾನೆ. ಅದೇ ಖಾತೆಗಳಲ್ಲಿ ಸೈಬರ್ ವಂಚನೆಯ ರೊಕ್ಕವೂ ಓಡಾಡುತ್ತದೆ. ಹಾಗಾಗಿ ನೀವು ಗೆದ್ದೆ ಅಂತ ಕುಣಿದ ಎರಡು ಸಾವಿರ ಇನ್ನಾರದೋ ಕಳವಿನ ರೊಕ್ಕ ಆಗಿದ್ದರೆ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಅವರು ದೂರು ಕೊಟ್ಟ ಮೇಲೆ ನಿಮ್ಮ ಖಾತೆಯೂ ಫ್ರೀಜ್ ಆಗಬಹುದು. ರೂಮಿನ ಹುಡುಗರೇ, ಖಾತೆ ಬಾಡಿಗೆಗೆ ಕೊಡುವುದು ಪಾಕೆಟ್ ಮನಿ ಅಂತ ತಿಳಿಯಬೇಡಿ. ಪೊಲೀಸ್ ಆಗಲು ಓದುವವರು ಪೊಲೀಸ್ ಕೇಸಿನಲ್ಲಿ ಸಿಕ್ಕಿಬೀಳುವ ದಾರಿ ಅದು.

"ನಮ್ಮ ಕಾಲದಾಗ ಓಸಿ ಇರಲಿಲ್ಲೇನ? ಆಗೇನು ಎಲ್ಲಾರೂ ಹಾಳಾದ್ರೇನ?" ಅಂತ ಹಿರಿಯರು ಕೇಳುತ್ತಾರೆ. ಓಸಿ ಅಂದರೆ ಮಟಕಾ, ಅಂಕಿಯ ಜೂಜು. ಅದು ಹುಟ್ಟಿದ್ದು ಮುಂಬೈಯಲ್ಲಿ, ನ್ಯೂಯಾರ್ಕಿನ ಹತ್ತಿ ಪೇಟೆಯ ದರದ ಮೇಲೆ ಕಟ್ಟುತ್ತಿದ್ದ ಬಾಜಿಯಿಂದ. ಹತ್ತಿ ಬೆಳೆಯುವ ನಮ್ಮ ಸೀಮೆ ಅದಕ್ಕೆ ಇಷ್ಟು ಪ್ರೀತಿಯಿಂದ ಜಾಗ ಕೊಟ್ಟದ್ದು ವಿಚಿತ್ರ ಅಲ್ಲ ಬಿಡಿ. ಓಸಿಯಿಂದಲೂ ಮನೆಗಳು ಹಾಳಾಗಿವೆ, ಆದರೆ ನಿಧಾನಕ್ಕೆ. ಒಂದಂಕಿಗೆ ಹತ್ತು ರೂಪಾಯಿ ಕಟ್ಟಿದರೆ, ಬಂದಾಗ ತೊಂಬತ್ತು. ಅಂಕಿ ಹತ್ತು ಇರುವುದರಿಂದ ಸರಾಸರಿ ಒಂದು ರೂಪಾಯಿ ನಷ್ಟ. ದಿನದ ಎರಡು ಅಂಕಿ, ಓಪನ್ನು, ಕ್ಲೋಸು ಮುಗಿದರೆ ನಾಳೆಯವರೆಗೆ ಕಾಯಬೇಕು. ಈಗ ಮೊಬೈಲಿನಲ್ಲಿ ವಿಮಾನ ಹಾರುವ ಆಟ ಇದೆ, ಅದು ಮಾಯವಾಗುವ ಮೊದಲೇ ರೊಕ್ಕ ತೆಗೆಯಬೇಕು. ಆ ಆಟದವರು ಕಟ್ಟಿದ್ದರಲ್ಲಿ ನೂರಕ್ಕೆ 97 ವಾಪಸ್ ಬರುತ್ತದೆ ಅಂತ ಹೇಳಿಕೊಳ್ಳುತ್ತಾರೆ. ಅದು ನಿಜ ಅಂತಲೇ ಹಿಡಿಯೋಣ. ನೂರಕ್ಕೆ ಮೂರೇ ನಷ್ಟ, ಓಸಿಗಿಂತ ಎಷ್ಟೋ ವಾಸಿ ಅನ್ನಿಸುತ್ತದೆ. ಆದರೆ ಒಂದು ಸುತ್ತು ಕೆಲವೇ ಸೆಕೆಂಡು. ಗಂಟೆಗೆ ಇನ್ನೂರು ಸುತ್ತು, ಸುತ್ತಿಗೆ ನೂರು ರೂಪಾಯಿ ಹಾಕಿದರೆ ಓಡಾಡಿದ್ದು ಇಪ್ಪತ್ತು ಸಾವಿರ, ಸರಾಸರಿ ಹೋದದ್ದು ಆರುನೂರು. ಅದೂ ತಲೆ ಕೆಡದೆ ಒಂದೇ ಸಮನೆ ಆಡಿದರೆ. ಸೋತಾಗ ಡಬಲ್ ಹಾಕುವವನ ಲೆಕ್ಕ ಹೇಳುವುದೇ ಬೇಡ. ವೇಗವೇ ವಿಷ. ಓಸಿ ಬರೆಸಿದವನು ರಾತ್ರಿ ಮಲಗುತ್ತಿದ್ದ.

ಕಾನೂನು ಸುಮ್ಮನೆ ಕೂತಿಲ್ಲ. ನಮ್ಮ ರಾಜ್ಯ 2007ರಲ್ಲಿ ಲಾಟರಿ ನಿಲ್ಲಿಸಿತು. 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಜೂಜು ನಿಷೇಧಿಸಿತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ಮಾಡಿತು. ರೊಕ್ಕದ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷ, 50 ಲಕ್ಷ. ಭಾರತ ತಂಡದ ಅಂಗಿಯ ಮೇಲಿದ್ದ ಡ್ರೀಮ್ ಇಲೆವೆನ್ ಕೂಡ ರೊಕ್ಕದ ಆಟ ಬಂದ್ ಮಾಡಿತು. ಟಿವಿಯಲ್ಲಿ ಕೊನೆಗೆ ಉಸಿರು ಬಿಡದೆ ಓದುತ್ತಿದ್ದ "ಚಟವಾಗಬಹುದು, ಜವಾಬ್ದಾರಿಯಿಂದ ಆಡಿ" ಅನ್ನುವ ಸಾಲೂ ಹೋಯಿತು. ಹೋಗಿದ್ದೇ ಒಳ್ಳೆಯದು. ಚಟ ಹತ್ತಿಸುವವರೇ ಜವಾಬ್ದಾರಿ ಆಡುವವನದು ಅನ್ನುವುದು ಯಾವ ನ್ಯಾಯ? ಆದರೆ ವಾಟ್ಸಾಪ್ ಬುಕ್ಕಿಗೆ ಅಂಗಡಿಯೇ ಇಲ್ಲ, ಮುಚ್ಚುವುದು ಏನನ್ನು?

ಈ ಕೇಂದ್ರ ಕಾಯ್ದೆಯಲ್ಲಿ ಮನೆಯವರು ತಿಳಿಯಬೇಕಾದ ಮಾತೊಂದಿದೆ. ಆನ್‌ಲೈನ್‌ನಲ್ಲಿ ಆಡಿ ಸೋತವನಿಗೆ ಅದರಲ್ಲಿ ಶಿಕ್ಷೆ ಇಲ್ಲ. ಓಸಿ ಚೀಟಿ, ಅಂದರ್-ಬಾಹರ್ ಬೇರೆ. ಅವಕ್ಕೆ 1963ರ ಪೊಲೀಸ್ ಕಾಯ್ದೆ ಇದೆ, ಪೇಪರಿನಲ್ಲಿ ಓದುವ ಕಲಂ 78(3), 87 ಅಂದರೆ ಅದೇ. ಹಾಗಾಗಿ ಆನ್‌ಲೈನ್‌ನಲ್ಲಿ ಸೋತವನ ಮನೆಯವರು "ಡಾಕ್ಟರ್ ಕಡೆ ಹೋದ್ರ ಕೇಸ್ ಆಗ್ತದ" ಅಂತ ಹೆದರಿ ಮನೆಯಲ್ಲಿ ಕೂಡಬೇಡಿ.

ಹಾಗಾದರೆ ಸಾಲ ಬಂದಾಗ ಮಾಡುವುದೇನು? ಮೊದಲು ಹೊಡೆಯುವುದನ್ನು, ಆಣೆಯನ್ನು ಬದಿಗಿಡಿ. ಒಂದು ಹಾಳೆ ತೆಗೆದುಕೊಂಡು ಕೂಡಿ. ಅವನ ಎಲ್ಲ ಖಾತೆಗಳ ಸ್ಟೇಟ್‌ಮೆಂಟ್ ತೆಗೆಸಿ, ಒಂದೇ ಖಾತೆಯದಲ್ಲ. ಸಿಬಿಲ್ ವರದಿಯನ್ನು, ಅಂದರೆ ಅವನ ಹೆಸರಿನಲ್ಲಿರುವ ಸಾಲಗಳ ಪಟ್ಟಿಯನ್ನು, ವರ್ಷಕ್ಕೊಮ್ಮೆ ಪುಕ್ಕಟೆ ಕೊಡಬೇಕೆಂಬ ಆರ್‌ಬಿಐ ನಿಯಮ ಇದೆ. ಅದನ್ನು ತೆಗೆದರೆ ಬ್ಯಾಂಕು, ಫೈನಾನ್ಸುಗಳ ಮುಚ್ಚಿಟ್ಟ ಸಾಲ ಬಹುತೇಕ ಹೊರಬರುತ್ತದೆ. ಕೈಗಡವನ್ನು ಮಾತ್ರ ಅವನೇ ಬಾಯಿಬಿಟ್ಟು ಹೇಳಬೇಕು. ಬಯ್ಯದಿದ್ದರೆ ಹೇಳುತ್ತಾನೆ.

ಎಲ್ಲ ಸಾಲವೂ ಒಂದೇ ಅಲ್ಲ. ಬ್ಯಾಂಕಿನದನ್ನು ಮ್ಯಾನೇಜರ್ ಹತ್ತಿರ ಮಾತಾಡಿ ಕಂತು ಮಾಡಿಕೊಳ್ಳಿ, ಕಂತು ಅವನ ದುಡಿಮೆಯಿಂದಲೇ ಹೋಗಲಿ. ಬುಕ್ಕಿಯ ಬಾಕಿಗೆ ಕೋರ್ಟಿನಲ್ಲಿ ಬೆಲೆ ಇಲ್ಲ. 1872ರ ಕರಾರು ಕಾಯ್ದೆಯ 30ನೇ ಕಲಂ ಪ್ರಕಾರ ಬಾಜಿಯ ಕರಾರು ಅನೂರ್ಜಿತ. ಲೈಸೆನ್ಸ್ ಇಲ್ಲದ ಬಡ್ಡಿಯವರು ಮನೆ ಮುಂದೆ ಬಂದು ಕೂಗಾಡಿದರೆ 2025ರಲ್ಲಿ ಬಂದ ರಾಜ್ಯದ ಕಿರುಸಾಲ ಕಾನೂನು ಇದೆ, ಠಾಣೆಗೆ ಹೋಗಿ. ಕೆಲ ತಿಂಗಳು ಪಗಾರ ಅವ್ವನ ಅಥವಾ ಹೆಂಡತಿಯ ಖಾತೆಗೆ ಬರಲಿ, ಅವನ ಯುಪಿಐ ಮಿತಿಯನ್ನು ದಿನದ ಖರ್ಚಿನಷ್ಟಕ್ಕೆ ಇಳಿಸಿ. ಇದೆಲ್ಲ ಅವನ ಒಪ್ಪಿಗೆಯಿಂದ ಆಗಬೇಕು, ಇಲ್ಲದಿದ್ದರೆ ಎರಡನೇ ಸಿಮ್ಮು ಬರುತ್ತದೆ.

ಇನ್ನು ಡಾಕ್ಟರ್. ನಮ್ಮ ಕಡೆ "ನಿನ್ನ ಧಾರವಾಡಕ್ಕ ಕಳಸಬೇಕು" ಅಂದರೆ ಏನು ಅಂತ ಸಣ್ಣ ಹುಡುಗರಿಗೂ ಗೊತ್ತು. 1845ರಿಂದ ಅಲ್ಲಿ ಮನೋರೋಗದ ಆಸ್ಪತ್ರೆ ಇದೆ, ಬೈಗುಳಕ್ಕೂ ಅಷ್ಟೇ ವಯಸ್ಸಾಗಿರಬೇಕು. ಅದೇ ಆಸ್ಪತ್ರೆಯಾದ ಇವತ್ತಿನ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರೂ ಆಪ್ತಸಮಾಲೋಚಕರೂ ಇದ್ದಾರೆ. ಈಗ ಕೆಎಂಸಿಆರ್‌ಐ ಆಗಿರುವ ಹುಬ್ಬಳ್ಳಿಯ ಕಿಮ್ಸ್‌ನಲ್ಲಿ, ಗದಗ ಮತ್ತು ಹಾವೇರಿಯ ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋರೋಗ ವಿಭಾಗ ಇದೆ. ಜೂಜಿನ ಚಟ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿದೆ, ಐಸಿಡಿ-11 ಅನ್ನುವ ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಚಿಕಿತ್ಸೆ ಬಹುಮಟ್ಟಿಗೆ ಮಾತಿನದು. ಯಾವಾಗ ಆಸೆ ಏಳುತ್ತದೆ, ಆಗ ಏನು ಮಾಡಬೇಕು ಅಂತ ಕೂತು ಬಿಡಿಸುತ್ತಾರೆ. ಜೊತೆಗೆ ಖಿನ್ನತೆ ಇದ್ದರೆ ಗುಳಿಗೆ. ಅಲ್ಲಿಗೆ ಹೋಗಲು ನಾಚಿಕೆಯಾದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಹಗಲೂ ರಾತ್ರಿ, ಕನ್ನಡದಲ್ಲಿ ಮಾತಾಡುತ್ತಾರೆ, ಪುಕ್ಕಟೆ. ಹುಡುಗ "ನಾ ಇರೂದ ಬ್ಯಾಡ" ಅನ್ನುವ ಧಾಟಿಯಲ್ಲಿ ಒಂದು ಮಾತಾಡಿದರೂ ನಾಳೆಗೆ ಮುಂದೂಡಬೇಡಿ. ಒಬ್ಬನನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪಂಚಮಿ, ದೀಪಾವಳಿಗೆ ಇಸ್ಪೀಟು ಎಲೆ ಆಡುವವರನ್ನೆಲ್ಲ ನಾನು ರೋಗಿಗಳು ಅನ್ನುವುದಿಲ್ಲ. ಪಂಚಮಿಗೆ ಲಿಂಬಿಹಣ್ಣು ಒಗೆಯುವ ಪಂದ್ಯ ನೋಡುತ್ತಲೇ ಬೆಳೆದವಳು ನಾನು. ಮನೆಮಂದಿ ಆಡಲೇಬೇಕೆಂದರೆ ಬೀಜ ಇಟ್ಟೋ ಕವಡಿ ಇಟ್ಟೋ ಆಡಿ, ರೊಕ್ಕ ಹೊರಗಿರಲಿ. ಆಟದ ಕೂಟದಲ್ಲಿ ಯಾರಿಗೂ ಕೈಗಡ ಕೊಡಬೇಡಿ. ಮನೆಯಲ್ಲಿ ಈಗಾಗಲೇ ಒಬ್ಬ ಬಿದ್ದು ಎದ್ದವನಿದ್ದರೆ ಆ ವರ್ಷ ಎಲೆ ಕಟ್ಟೇ ಬಿಚ್ಚಬೇಡಿ. ಅವನಿಗೆ ಸ್ವಲ್ಪವೇ ಆಡುವುದು ಅನ್ನುವುದು ಇಲ್ಲ.

ನಮ್ಮ ಸಂಘದ ಬಂಗಾರ ಸಾಲದ ಟೇಬಲ್ಲಿನ ಮೇಲೆ 14416 ಬರೆದ ಬೋರ್ಡು ಹಾಕೋಣ, ಸಾಲ ಯಾಕೆ ಅಂತ ಕೇಳುವಾಗ ಈ ಮಾತನ್ನೂ ಮೆಲ್ಲಗೆ ಕೇಳೋಣ ಅಂತ ಅಧ್ಯಕ್ಷರಿಗೆ ಹೇಳಿದ್ದೇನೆ. "ಮಂದಿ ಗಾಬರಿ ಆಗಿ ಬ್ಯಾರೆ ಸೊಸೈಟಿಗೆ ಹೋಗ್ತಾರವಾ" ಅಂದರು. ಸಪ್ಟೆಂಬರಿನಲ್ಲಿ ವಾರ್ಷಿಕ ಸಭೆ ಇದೆ, ಅಲ್ಲಿ ಮತ್ತೆ ಕೇಳುತ್ತೇನೆ. ಸದಸ್ಯರಿದ್ದವರು ಊಟದ ಹೊತ್ತಿಗಲ್ಲ, ಸಭೆಯ ಹೊತ್ತಿಗೇ ಬಂದು ಕೈ ಎತ್ತಿರಿ.