ರಾಜಕೀಯ ಈಗ ಬೇಡ ಅಂದ್ರೆ, ಯಾವಾಗ?

ನಿನ್ನೆ ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಅದೇ ಮಾತು ಬಂತು. ಯಾರೋ ಇನ್ನೊಂದು ಗುಂಡಿನ ದಾಳಿಯ ಸುದ್ದಿ ಹಾಕಿದರು. ನಾನು ಬಂದೂಕು ಕಾನೂನಿನ ವಿಷಯ ಎತ್ತಿದೆ. ತಕ್ಷಣ ಒಬ್ಬರು, "ಈಗ ರಾಜಕೀಯ ಬೇಡ, ಸತ್ತವರಿಗಾಗಿ ಪ್ರಾರ್ಥನೆ ಮಾಡೋಣ" ಅಂತ ಬರೆದರು. ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾವಿರುವುದು ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ, ನ್ಯಾಶ್‌ವಿಲ್ ಪಕ್ಕದಲ್ಲಿ ಅಂತ ನಿಮಗೆಲ್ಲ ಗೊತ್ತು. 2023ರ ಮಾರ್ಚ್ 27ರಂದು ಇಲ್ಲಿನ ಕವನೆಂಟ್ ಶಾಲೆಯಲ್ಲಿ ಮೂರು ಮಕ್ಕಳು, ಮೂವರು ದೊಡ್ಡವರು ಸತ್ತರು. ಮೂರೂ ಮಕ್ಕಳಿಗೆ ಒಂಬತ್ತು ವರ್ಷ. ಗುಂಡು ಹಾರಿಸಿದ ವ್ಯಕ್ತಿ ಐದು ಅಂಗಡಿಗಳಲ್ಲಿ ಏಳು ಬಂದೂಕು ಕೊಂಡಿದ್ದು ಕಾನೂನು ಪ್ರಕಾರವೇ. ಮಾನಸಿಕ ತೊಂದರೆಗೆ ಚಿಕಿತ್ಸೆಯಲ್ಲಿದ್ದರು ಅಂತ ಪೊಲೀಸರೇ ಹೇಳಿದರು. ಅಪಾಯ ಕಂಡಾಗ ಮನೆಯವರೋ ಪೊಲೀಸರೋ ಕೋರ್ಟಿಗೆ ಹೋಗಿ, ಅಂಥವರ ಬಂದೂಕನ್ನು ಸ್ವಲ್ಪ ಕಾಲ ತೆಗೆದಿಡುವ ಕಾನೂನು ಬೇರೆ ಕೆಲವು ರಾಜ್ಯಗಳಲ್ಲಿದೆ. ಟೆನೆಸ್ಸಿಯಲ್ಲಿ ಇರಲಿಲ್ಲ.

ಆಗಲೂ "ಈಗ ಬೇಡ" ಅಂದರು. ಆಮೇಲೆ ಏನಾಯಿತು ಅಂತ ಕೇಳಿ. ಸಾವಿರಾರು ಮಕ್ಕಳು, ತಾಯಂದಿರು ರಾಜ್ಯದ ಶಾಸನಸಭೆಗೆ ಹೋಗಿ ಕೂಗಿದರು. ಅವರ ಪರವಾಗಿ ಸಭೆಯ ಒಳಗೇ ದನಿ ಎತ್ತಿದ ಇಬ್ಬರು ಯುವ ಸದಸ್ಯರನ್ನು, ಜಸ್ಟಿನ್ ಜೋನ್ಸ್ ಮತ್ತು ಜಸ್ಟಿನ್ ಪಿಯರ್ಸನ್ ಅವರನ್ನು, ಏಪ್ರಿಲ್ 6ರಂದು ಸದಸ್ಯತ್ವದಿಂದಲೇ ಕಿತ್ತುಹಾಕಿದರು. ಅವರ ಊರಿನ ಸ್ಥಳೀಯ ಸಂಸ್ಥೆಗಳು ಒಂದೇ ವಾರದಲ್ಲಿ ಇಬ್ಬರನ್ನೂ ವಾಪಸ್ ಕಳಿಸಿದವು, ಅದು ಬೇರೆ ಮಾತು. ರಿಪಬ್ಲಿಕನ್ ಗವರ್ನರ್ ಬಿಲ್ ಲೀ ಅವರೇ ಅಪಾಯಕಾರಿ ವ್ಯಕ್ತಿಯಿಂದ ಬಂದೂಕು ತೆಗೆದಿಡುವ ಅಂಥ ಕಾನೂನು ಬೇಕು ಅಂತ ಕೇಳಿದರು. ಏಪ್ರಿಲ್‌ನಲ್ಲಿ ಆಗಲಿಲ್ಲ. ಆಗಸ್ಟ್‌ನಲ್ಲಿ ವಿಶೇಷ ಅಧಿವೇಶನ ಕರೆದರು. ಅಲ್ಲಿ ಒಂದು ಸಮಿತಿಯ ಕೋಣೆಯಲ್ಲಿ ಚಿಕ್ಕ ಕಾಗದದ ಫಲಕ ಹಿಡಿದು ಸುಮ್ಮನೆ ಕೂತಿದ್ದ ಹೆಂಗಸರನ್ನು ಸಮಿತಿಯ ಅಧ್ಯಕ್ಷರು ಹೊರಗೆ ಹಾಕಿಸಿದರು. ಬಂದೂಕಿನ ಬೀಗಕ್ಕೆ ತೆರಿಗೆ ವಿನಾಯಿತಿ, ಕೋರ್ಟುಗಳು ಅಪರಾಧದ ದಾಖಲೆ ಕಳಿಸುವ ಗಡುವು, ಇಂಥ ಸಣ್ಣಪುಟ್ಟದ್ದು ಪಾಸಾಯಿತು. ಬೇಕಾದ ಕಾನೂನು ಮಾತ್ರ ಬರಲಿಲ್ಲ. 2024ರಲ್ಲಿ ಅದೇ ಸಭೆ ಶಿಕ್ಷಕರು ಶಾಲೆಗೆ ಬಂದೂಕು ತರಬಹುದು ಅಂತ ಕಾನೂನು ಮಾಡಿತು. ಯಾರ ಹತ್ತಿರ ಇದೆ ಅಂತ ತಂದೆತಾಯಿಗೆ ತಿಳಿಸುವ ಹಾಗಿಲ್ಲ. ಕಾನೂನು ಬೇಕು ಅಂದಿದ್ದ ಗವರ್ನರೇ ಅದಕ್ಕೆ ಸಹಿ ಹಾಕಿದರು.

"ಈಗ ರಾಜಕೀಯ ಬೇಡ" ಅನ್ನೋದೇ ರಾಜಕೀಯ ಅಂತ ನಾನು ಹೇಳೋದು ಇದಕ್ಕೇ. ನಾವು ಸುಮ್ನಿದ್ದ ಆ ತಿಂಗಳುಗಳಲ್ಲಿ ಬೇರೆಯವರು ಸುಮ್ಮನಿರಲಿಲ್ಲ.

ಸಾಧ್ಯವಿಲ್ಲದ ಕೆಲಸವೇನೂ ಅಲ್ಲ ಇದು. 1996ರ ಏಪ್ರಿಲ್ 28ರಂದು ಆಸ್ಟ್ರೇಲಿಯಾದ ಪೋರ್ಟ್ ಆರ್ಥರ್‌ನಲ್ಲಿ 35 ಜನ ಸತ್ತರು. ಪ್ರಧಾನಿ ಜಾನ್ ಹೋವರ್ಡ್ ಬಲಪಂಥದವರು, ಅಧಿಕಾರಕ್ಕೆ ಬಂದು ಎರಡು ತಿಂಗಳೂ ತುಂಬಿರಲಿಲ್ಲ. ಹನ್ನೆರಡೇ ದಿನದಲ್ಲಿ ಬಿಗಿಯಾದ ಬಂದೂಕು ಕಾನೂನಿಗೆ ಎಲ್ಲ ರಾಜ್ಯಗಳನ್ನೂ ಒಪ್ಪಿಸಿದರು. ಆಮೇಲೆ ಜನರಿಂದ ಆರು ಲಕ್ಷಕ್ಕೂ ಜಾಸ್ತಿ ಬಂದೂಕುಗಳನ್ನು ದುಡ್ಡು ಕೊಟ್ಟು ವಾಪಸ್ ಪಡೆದರು. ಅವರಿಗೆ ಓಟು ಹಾಕಿದ ಹಳ್ಳಿಗಾಡಿನ ಜನರೇ ಎದುರು ನಿಂತಿದ್ದರು. ಅಂಥ ಒಂದು ಸಭೆಗೆ ಅವರು ಗುಂಡು ನಿರೋಧಕ ಅಂಗಿ ತೊಟ್ಟು ಹೋಗಿ ಮಾತಾಡಿದರು. ಆಸ್ಟ್ರೇಲಿಯಾ ಬೇರೆ, ಅಮೆರಿಕ ಬೇರೆ ಅಂತೀರಾ? ಫ್ಲಾರಿಡಾ ಅಮೆರಿಕವೇ ಅಲ್ವಾ? 2018ರ ಫೆಬ್ರವರಿ 14ರಂದು ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಸತ್ತರು. ಮಾರ್ಚ್ 9ಕ್ಕೆ ರಿಪಬ್ಲಿಕನ್ ಗವರ್ನರ್ ರಿಕ್ ಸ್ಕಾಟ್ ಸಹಿ ಹಾಕಿದ ಕಾನೂನಿನಲ್ಲಿ ಬಂದೂಕು ಕೊಳ್ಳುವ ವಯಸ್ಸು 21 ಆಯಿತು, ಅಪಾಯಕಾರಿ ವ್ಯಕ್ತಿಯಿಂದ ಬಂದೂಕು ತೆಗೆದಿಡುವ ಅಧಿಕಾರ ಕೋರ್ಟಿಗೆ ಬಂತು. ನೋವು ಹಸಿಯಾಗಿದ್ದಾಗಲೇ ಕೆಲಸ ಆಗಿದ್ದು, ಎರಡೂ ಕಡೆ.

ಗುಂಪಿನಲ್ಲಿ ನನ್ನನ್ನು ಚೆನ್ನಾಗಿ ಬಲ್ಲ ಒಬ್ಬರು ಕೇಳಿದರು: "ನಿಮ್ಮ ತೀರ್ಥಹಳ್ಳಿ ಮನೇಲೂ ಕೋವಿ ಇತ್ತಲ್ವಾ? ಕೊಡಗಿನಲ್ಲಿ ಮನೆಮನೆಯಲ್ಲೂ ಇಲ್ವಾ? ಅಲ್ಲೇನು ಶಾಲೆಗೆ ನುಗ್ಗುತ್ತಾರಾ?" ಹೌದು, ಇತ್ತು. ಒಂಟಿ ನಳಿಗೆಯ ತೋಟಾ ಕೋವಿ, ಬೆಳೆ ಕಾಯೋಕೆ. ಅದಕ್ಕೆ ಲೈಸೆನ್ಸ್ ಇತ್ತು. ತೋಟಾ ಎಷ್ಟು ಇಟ್ಟುಕೊಳ್ಳಬಹುದು ಅಂತ ಲೆಕ್ಕ ಇತ್ತು. ಎಲೆಕ್ಷನ್ ಬಂತೆಂದರೆ ಅಪ್ಪಯ್ಯ ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸು ಹತ್ತಿ, ಸ್ಟೇಷನ್ನಿಗೆ ಒಪ್ಪಿಸಿ ರಸೀದಿ ತರುತ್ತಿದ್ದರು. ಅದು ವಾಪಸ್ ಬರುವಷ್ಟರಲ್ಲಿ ಮಂಗಗಳು ಬಾಳೆಗೊನೆ ಮುಗಿಸಿರುತ್ತಿದ್ದವು. ಅಪ್ಪಯ್ಯ ಬೈಯುತ್ತಿದ್ದರು, ಆದರೂ ಪ್ರತಿ ಸಲ ಕೊಡುತ್ತಿದ್ದರು. ಇಲ್ಲಿ ನೋಡಿ, 2021ರಿಂದ 21 ದಾಟಿದವರಲ್ಲಿ ಹೆಚ್ಚಿನವರು ಪರ್ಮಿಟ್ಟೇ ಇಲ್ಲದೆ ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಬಹುದು. ಯಾವುದನ್ನು ಯಾವುದಕ್ಕೆ ಹೋಲಿಸುತ್ತಿದ್ದೀರಿ ಮಾರಾಯ್ರೆ?

ಇನ್ನು ಬಂದೂಕಿನ ಹಕ್ಕು ಕೊಡುವ, ಅಮೆರಿಕ ಸಂವಿಧಾನದ ಎರಡನೇ ತಿದ್ದುಪಡಿ. ಇಲ್ಲಿನ ಸುಪ್ರೀಂ ಕೋರ್ಟಿನ 2008ರ ಹೆಲ್ಲರ್ ತೀರ್ಪಿನಲ್ಲಿ ಬಂದೂಕು ಇಟ್ಟುಕೊಳ್ಳೋದು ವ್ಯಕ್ತಿಯ ಹಕ್ಕು ಅಂತ ಬರೆದ ನ್ಯಾಯಮೂರ್ತಿ ಸ್ಕಾಲಿಯಾ ಅವರೇ, ಆ ಹಕ್ಕಿಗೂ ಮಿತಿ ಇದೆ ಅಂತ ಅದರಲ್ಲೇ ಬರೆದಿದ್ದಾರೆ. 2024ರ ರಹೀಮಿ ತೀರ್ಪಿನಲ್ಲಿ, ಮನೆಯವರಿಗೆ ಅಪಾಯ ಅಂತ ಕೋರ್ಟು ಹೇಳಿದವರಿಂದ ಬಂದೂಕು ದೂರ ಇಡಬಹುದು ಅಂತ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಎಂಟು ಜನ ಒಪ್ಪಿದರು. ಸಂವಿಧಾನ ಅಡ್ಡ ಬರುತ್ತಿಲ್ಲ. ಅಡ್ಡ ಬರುತ್ತಿರೋದು ಮುಂದಿನ ಚುನಾವಣೆಯ ಭಯ.

ನನ್ನ ಮಗಳಿಗೂ ಈಗ ಒಂಬತ್ತು. ಶಾಲೆಯಲ್ಲಿ ಲಾಕ್‌ಡೌನ್ ಡ್ರಿಲ್ ಮಾಡಿಸುತ್ತಾರೆ. ಲೈಟು ಆರಿಸಿ, ಬಾಗಿಲಿನ ಗಾಜಿಗೆ ಕಾಗದ ಅಂಟಿಸಿ, ಮಕ್ಕಳೆಲ್ಲ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರಬೇಕು. ಹೋದ ಸಲ ಅವಳಿಗೆ ಶೀತ ಆಗಿತ್ತು. "ಅಮ್ಮಾ, ನಿಜವಾಗ್ಲೂ ಯಾರಾದ್ರೂ ಬಂದಾಗ ನಂಗೆ ಕೆಮ್ಮು ಬಂದ್ರೆ ಎಲ್ರೂ ಸಾಯ್ತಾರಾ?" ಅಂತ ಕೇಳಿದಳು. ನಾನು ಅವಳನ್ನು ತಬ್ಬಿಕೊಂಡೆ, ಉತ್ತರ ಕೊಡಲಿಲ್ಲ. ಈಗ ಬೇಡ ಅನ್ನುವವರು ಒಮ್ಮೆ ಅವಳಿಗೆ ಉತ್ತರ ಹೇಳಲಿ.

ನಮ್ಮ ಗುಂಪಿನಲ್ಲಿ ಸಿಟಿಜನ್‌ಶಿಪ್ ಸಿಕ್ಕವರು ಬೇಕಾದಷ್ಟು ಜನ ಇದ್ದೀರಿ. ನಿಮಗೆ ಓಟಿದೆ, ನನಗಿಲ್ಲ. ಟೆನೆಸ್ಸಿ ಶಾಸನಸಭೆ ಪ್ರತಿ ವರ್ಷ ಜನವರಿಯಲ್ಲಿ ಸೇರುತ್ತದೆ. ನಿಮ್ಮ ವಿಳಾಸ ಹಾಕಿದರೆ ನಿಮ್ಮ ಪ್ರತಿನಿಧಿ ಯಾರು, ಆಫೀಸಿನ ಫೋನ್ ನಂಬರ್ ಏನು ಅಂತ ಸಭೆಯ ವೆಬ್‌ಸೈಟಿನಲ್ಲೇ ಸಿಗುತ್ತದೆ. ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ಅಪಾಯಕಾರಿ ವ್ಯಕ್ತಿಯಿಂದ ಬಂದೂಕು ತೆಗೆದಿಡುವ ಮಸೂದೆ ಬಂದರೆ ನೀವು ಆ ಕಡೆಯೋ, ಈ ಕಡೆಯೋ? ಅವರು ಕೊಟ್ಟ ಉತ್ತರವನ್ನು ಗುಂಪಿನಲ್ಲಿ ಹಾಕಿ. ರಾಜಕೀಯ ಬೇಡ ಅಂತ ಯಾರಾದರೂ ಅಂದರೆ ನಾನು ಮಾತಾಡುತ್ತೇನೆ.