ದನದ ರೇಟು ಏರಿದರೆ ಹತ್ತು ದನ ಕಟ್ಟಿದವರಿಗೆ ಲಾಭವಾ?

ಪರ: ಏರಲಿ ಬಿಡಿ

ಪರವಾಗಿ ಬರೆಯೋಕೆ ಹೇಳಿದ್ದಾರೆ, ಬರೆಯುತ್ತೇನೆ. ನಮ್ಮ ಬೀದರ್ ಜಿಲ್ಲೆಯ ಭಾಲ್ಕಿ ಕಡೆ ದೇವಣಿ ತಳಿಯ ಜೋಡೆತ್ತು ಅಂದರೆ ಮೊದಲಿಂದಲೂ ಬೇಡಿಕೆ. ಹಿಂಡಿ, ಕೂಲಿ, ಡಾಕ್ಟರ ಖರ್ಚು ಎಲ್ಲಾ ಏರಿದೆ, ದನದ ರೇಟು ಮಾತ್ರ ಏರಬಾರದಾ? ಹತ್ತು ದನ ಇದ್ದವರ ಮನೆಯಲ್ಲಿ ವರ್ಷಕ್ಕೆ ಒಂದೆರಡು ಕರು ಬೆಳೆದು ಮಾರಾಟಕ್ಕೆ ಬರುತ್ತವೆ. ದುಡ್ಡು ಕೊಟ್ಟು ತಂದಿದ್ದಲ್ಲ, ಮನೆಯಲ್ಲೇ ಹುಟ್ಟಿದ್ದು. ರೇಟು ಇದ್ದಾಗ ಒಂದು ಹೋರಿ ಮಾರಿದರೆ ಮಗಳ ಕಾಲೇಜು ಫೀ ಹೋಗುತ್ತೆ. ಎದುರು ಬರೆಯುವವರು ರೇಟು ಏರಿದ್ದೇ ದೊಡ್ಡ ಆಪತ್ತು ಅನ್ನುತ್ತಾರೆ. ಹಾಗಾದರೆ ರೇಟು ಬಿದ್ದ ದಿನ ಊರಿಗೆಲ್ಲ ಹೋಳಿಗೆ ಊಟ ಹಾಕಿಸುತ್ತಾರಾ? ಹೊಸದಾಗಿ ಕೊಳ್ಳುವವರಿಗೆ ಕಷ್ಟ, ಒಪ್ಪಿದೆ. ಕೊಳ್ಳಬೇಡಿ, ಅಷ್ಟೇ.

ವಿರೋಧ: ಕೊಳ್ಳದೆ ಇರೋದು ಹೇಗೆ?

ಎರಡು ಆಕಳು ಇದ್ದವರು ಬದುವಿನ ಹುಲ್ಲಲ್ಲೇ ಸಾಕಿಬಿಡುತ್ತಾರೆ. ನೂರು ಕಟ್ಟಿದವರ ಕೈಯಲ್ಲಿ ರೊಕ್ಕ ಇದೆ. ಸಿಕ್ಕಿಬೀಳೋದು ನಾವು, ಹತ್ತು-ಹದಿನೈದರವರು. ಒಂದು ಆಕಳು ಮುದಿಯಾದರೆ ಅದರ ಜಾಗಕ್ಕೆ ಇನ್ನೊಂದು ತರಲೇಬೇಕು, ಇಲ್ಲದಿದ್ದರೆ ಹಾಲಿನ ದುಡ್ಡಲ್ಲಿ ಸಾಲದ ಕಂತು ಕಟ್ಟಲಾಗದು. ತರೋದು ಏರಿದ ರೇಟಿಗೆ. ಮುದಿ ಆಕಳಿಗೋ, 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಗಿರಾಕಿಯೇ ಇಲ್ಲ. ಆಕಳ ರೇಟು ಜಿಗಿದಷ್ಟು ಹಾಲಿನ ರೇಟು ಜಿಗಿಯುವುದಿಲ್ಲ; ಡೇರಿಯವರು ಫ್ಯಾಟ್ ನೋಡಿ ದುಡ್ಡು ಕೊಡುತ್ತಾರೆ, ಆಕಳಿಗೆ ಎಷ್ಟು ಕೊಟ್ಟಿರಿ ಅಂತ ಕೇಳುವುದಿಲ್ಲ.

ಮನೆಯಲ್ಲೇ ಹುಟ್ಟಿದ್ದು ಅಂತೆ. ಅವರ ಮನೆಯಲ್ಲಿ ಕರು ಗಾಳಿ ಕುಡಿದು ಬೆಳೆಯುತ್ತೇನೋ! ಎಲ್ಲರೂ ಜೋಳ ಬಿಟ್ಟು ತೊಗರಿ, ಸೋಯಾ ಹಿಡಿದ ಮೇಲೆ ಕಣಕಿ, ಅಂದರೆ ಜೋಳದ ಒಣ ಮೇವು, ಎಲ್ಲಿದೆ? ಇವತ್ತಿನ ರೇಟು ನೋಡಿ ಹೆಣ್ಣು ಕರು ಉಳಿಸಿಕೊಂಡರೆ ಅದು ಈಯಲು ಸುಮಾರು ಮೂರು ವರ್ಷ ಬೇಕು. ಅಷ್ಟರಲ್ಲಿ ಊರವರೆಲ್ಲ ಅದನ್ನೇ ಮಾಡಿರುತ್ತಾರೆ, ಎಲ್ಲವೂ ಒಟ್ಟಿಗೆ ಸಂತೆಗೆ ಬರುತ್ತವೆ.

ನಂದೇ ಹೇಳುತ್ತೇನೆ. 2022ರಲ್ಲಿ ಸಾಲ ಮಾಡಿ ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್, ಜಾಸ್ತಿ ಹಾಲಿನ ತಳಿ) ಆಕಳು ತಂದೆ. ದಲ್ಲಾಳಿ ಗುಟ್ಟಾಗಿ ರೇಟು ತಿಳಿಸಲು ಟವೆಲ್ ಅಡಿ ಬೆರಳು ಹಿಡಿದಾಗಲೇ ಜಾಸ್ತಿ ಆಯಿತು ಅಂತ ಗೊತ್ತಾಗಿತ್ತು, ಆದರೂ ಇನ್ನೂ ಏರುತ್ತೆ ಅನ್ನೋ ಆಸೆ. ಮೂರು ತಿಂಗಳಿಗೆ ಚರ್ಮಗಂಟು ರೋಗ ಬಂತು. ಮೈತುಂಬ ಗಂಟು, ಜ್ವರ, ಮೇವು ಮುಟ್ಟಲಿಲ್ಲ. ಒಂದು ಸತ್ತಿತು. ಇನ್ನೊಂದು ಬದುಕಿತು, ಹಾಲು ಅರ್ಧಕ್ಕೆ ಇಳಿಯಿತು. ವಿಮೆ ಮಾಡಿಸಿದ್ದೆ, ಆದರೆ ಗುರುತಿಗೆ ಹಾಕಿದ್ದ ಕಿವಿಯ ಬಿಲ್ಲೆ ಎಲ್ಲೋ ಉದುರಿಹೋಗಿತ್ತು, ಬಿಲ್ಲೆ ಇಲ್ಲದಿದ್ದರೆ ದುಡ್ಡಿಲ್ಲ ಅಂದರು. ಅದೇ ಆಕಳು ಅರ್ಧ ಬೆಲೆಗೆ ಸಿಕ್ಕಿದ್ದರೆ ಸಾಲವೂ ಅರ್ಧ ಇರುತ್ತಿತ್ತು, ಅಲ್ವಾ? ಮನೆಯವಳು ಸತ್ತ ಆಕಳ ಕೊರಳ ಗಂಟೆ ಬಿಚ್ಚಿ ಗೂಡಿನಲ್ಲಿಟ್ಟಳು. ಕಂತು ಈ ಸುಗ್ಗಿಗೆ ಮುಗಿಯುತ್ತೆ.