ತೂತಿಗೆ ತೂಕವಿಲ್ಲ

ನಮ್ಮ ಮನೆಯವರಿಗೆ ಸ್ವಿಟ್ಜರ್ಲೆಂಡ್ ನೋಡುವ ಹುಚ್ಚು ಹಿಡಿದಿದ್ದು ಬ್ಯಾಂಕಿನ ಗೋಡೆಯಲ್ಲಿ ನೇತಾಡುತ್ತಿದ್ದ ಒಂದು ಕ್ಯಾಲೆಂಡರಿನಿಂದ. ಹಿಂದೆ ಹಿಮದ ಬೆಟ್ಟ, ಮುಂದೆ ಹಸಿರು ಇಳಿಜಾರು, ಅದರಲ್ಲಿ ಕೊರಳಿಗೆ ಗಂಟೆ ಕಟ್ಟಿಕೊಂಡ ದಷ್ಟಪುಷ್ಟ ಹಸು. ರಿಟೈರ್ ಆದಮೇಲೆ ಟೂರ್ ಕಂಪನಿಗೆ ಹೋಗಿ ರೇಟು ಕೇಳಿಕೊಂಡು ಬಂದರು. ಒಂದು ಲೋಟ ನೀರು ಕುಡಿದು, "ಕ್ಯಾಲೆಂಡರೇ ಚೆನ್ನಾಗಿತ್ತು" ಅಂದರು. ಅಷ್ಟು ಹೊತ್ತಿಗಾಗಲೇ ಉಣ್ಣೆಯ ಸ್ವೆಟರು, ಮಂಕಿ ಕ್ಯಾಪು, ಮೊಳಕಾಲುದ್ದದ ಉಣ್ಣೆ ಕಾಲುಚೀಲ ಎಲ್ಲ ಮನೆಗೆ ಬಂದಾಗಿತ್ತು.

ಆಮೇಲೆ ಮಗಳಿಗೆ ಉರುಗ್ವೆಯ ಮಾಂಟೆವಿಡಿಯೋಗೆ ವರ್ಗವಾಯಿತು. ನಮ್ಮ ದೇಶದ ಐಟಿಯವರು ಅಲ್ಲೂ ಆಫೀಸು ತೆರೆದಿದ್ದಾರೆ ಅನ್ನೋದು ನನಗೆ ಗೊತ್ತಾಗಿದ್ದೇ ಆಗ. ಉರುಗ್ವೆ ಎಲ್ಲಿದೆ ಅಂತ ನಮ್ಮ ಬೀದಿಯಲ್ಲಿ ತಿಳಿದಿದ್ದವನು ಎದುರು ಮನೆಯ ಹುಡುಗ ಒಬ್ಬನೇ. "ಆಂಟಿ, 1930ರಲ್ಲಿ ಮೊಟ್ಟಮೊದಲ ಫುಟ್‌ಬಾಲ್ ವರ್ಲ್ಡ್ ಕಪ್ ಗೆದ್ದ ದೇಶ" ಅಂದ. ಅಲ್ಲಿ ಸೊಪ್ಪು ಸಿಗುತ್ತಾ ಅಂತ ಕೇಳಿದ್ದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ.

ಜನವರಿಯಲ್ಲಿ ಹೊರಟೆವು. ಹೋದ ವಾರದಲ್ಲೇ ಮಗಳು, "ಅಪ್ಪಾ, ಇಲ್ಲಿಂದ ಸುಮಾರು 120 ಕಿಲೋಮೀಟರಿನಲ್ಲಿ ಒಂದು ಸ್ವಿಸ್ ಊರಿದೆ, ನುಯೆವಾ ಎಲ್ವೆಸಿಯಾ ಅಂತ. ನನಗೆ ರಜ ಇಲ್ಲ, ನೀವಿಬ್ಬರೂ ಬಸ್ಸಲ್ಲಿ ಹೋಗಿ ಬನ್ನಿ" ಅಂದಳು. ಇವರ ಮುಖ ನೋಡಬೇಕಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಉಣ್ಣೆ ಕಾಲುಚೀಲ ಏರಿಸಿ, ಸ್ವೆಟರ್ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಜನವರಿ ಅಂದರೆ ಅಲ್ಲಿ ನಡುಬೇಸಿಗೆ. "ರೀ, ಹೊರಗೆ 34 ಡಿಗ್ರಿ ಇದೆ" ಅಂದೆ. "ಸ್ವಿಸ್ ಊರು ಕಣೇ, ನಂಬೋಕಾಗಲ್ಲ" ಅಂದರು.

ಬಸ್ಸು ಹೊರಟಿತು. ಎರಡೂ ಕಡೆ ಹುಲ್ಲು, ಹುಲ್ಲಿನಲ್ಲಿ ದನ, ಮತ್ತೆ ಹುಲ್ಲು, ಮತ್ತೆ ದನ. ಈ ದೇಶದಲ್ಲಿ ಜನ 35 ಲಕ್ಷ, ದನ ಒಂದು ಕೋಟಿಯ ಮೇಲೆ. ತಲೆಗೆ ಮೂರು ಬಿದ್ದೂ ಇನ್ನೂ ಮಿಗುತ್ತವೆ. ಬೆಟ್ಟ ಮಾತ್ರ ಇಲ್ಲ. ಬೆಟ್ಟ ಬಂದಾಗ ಎಬ್ಬಿಸು ಅಂತ ಇವರು ಮಲಗಿಬಿಟ್ಟರು. ನಾನು ಮೊಬೈಲಿನಲ್ಲಿ ಹುಡುಕಿದೆ. ಇಡೀ ಉರುಗ್ವೆಯ ಅತಿ ಎತ್ತರದ ಶಿಖರ 514 ಮೀಟರಂತೆ. ನಮ್ಮ ಮೈಸೂರಿನ ದೇವರಾಜ ಮಾರ್ಕೆಟ್ಟಿನಲ್ಲಿ ನೆಲದ ಮೇಲೆ ಕೂತು ಕೊತ್ತಂಬರಿ ಮಾರುವವರು ಅದಕ್ಕಿಂತ ಇನ್ನೂರು ಚಿಲ್ಲರೆ ಮೀಟರ್ ಮೇಲಿದ್ದಾರೆ. ಎಬ್ಬಿಸುವ ಪ್ರಮೇಯವೇ ಬರುವುದಿಲ್ಲ ಅಂತ ನಾನೂ ಕಣ್ಣು ಮುಚ್ಚಿದೆ.

ಎಡವಟ್ಟಾಗಿದ್ದು ಇಳಿಯುವಾಗ. ಆ ಸೀಮೆಯಲ್ಲಿ ಕಲ್ಲು ಎಸೆದರೆ ಒಂದು 'ಕೊಲೋನಿಯಾ'ದ ಮೇಲೆ ಬೀಳುತ್ತದೆ. ಜಿಲ್ಲೆಯ ಹೆಸರೂ ಕೊಲೋನಿಯಾ, ಜಿಲ್ಲಾಕೇಂದ್ರ ಕೊಲೋನಿಯಾ ದೆಲ್ ಸಾಕ್ರಮೆಂತೊ. ನಮ್ಮ ಸ್ವಿಸ್ ಊರನ್ನು ಜನ ಕರೆಯುವುದು ಕೊಲೋನಿಯಾ ಸುಯಿಸಾ. ಪಕ್ಕದಲ್ಲೇ ಕೊಲೋನಿಯಾ ವಾಲ್ದೆನ್ಸೆ. ಕಂಡಕ್ಟರ್ ಏನೋ ಕೂಗಿದ, "ಕೊಲೋನಿಯಾ" ಅಂದಿದ್ದಷ್ಟೇ ಇವರ ಕಿವಿಗೆ ಬಿತ್ತು, ಇಳಿದೇಬಿಟ್ಟರು. ಬೋರ್ಡಿಗೆ ಒರಗಿ ಎರಡು ಸೆಲ್ಫಿ ತೆಗೆದು, ಮೈಸೂರಿನ ಗ್ರೂಪಿಗೆ "ಸ್ವಿಸ್ ತಲುಪಿದೆವು" ಅಂತ ಕಳಿಸಿ ಆದಮೇಲೆ ಗೊತ್ತಾಯಿತು, ಇದು ಇಟಲಿಯ ಪೀಡ್‌ಮಾಂಟ್ ಕಣಿವೆಗಳಿಂದ ಬಂದ ವಾಲ್ಡೆನ್ಸಿಯನ್ ಪ್ರಾಟೆಸ್ಟೆಂಟರ ಊರು ಅಂತ. "ಇಟಲಿನೂ ಆಯ್ತು ಬಿಡು, ಒಂದೇ ಟಿಕೆಟ್ಟಲ್ಲಿ ಎರಡು ದೇಶ" ಅಂದರು. ಬ್ಯಾಂಕಿನಲ್ಲಿದ್ದವರು, ಯಾವುದನ್ನೂ ನಷ್ಟದ ಕಾಲಮ್ಮಿಗೆ ಬರೆಯುವುದಿಲ್ಲ.

ಟ್ಯಾಕ್ಸಿ ಹಿಡಿದು ನಿಜವಾದ ಊರಿಗೆ ಬಂದಾಗ ಮಧ್ಯಾಹ್ನ ಒಂದೂವರೆ. ತೆರೆದಿದ್ದ ಒಂದೇ ಒಂದು ಹೋಟೆಲಿನಲ್ಲಿ, ಮಗಳು ಬರೆದುಕೊಟ್ಟಿದ್ದ ಚೀಟಿ ತೋರಿಸಿ ಮಾಂಸವಿಲ್ಲದ ಸ್ಯಾಂಡ್‌ವಿಚ್ ಕೇಳಿದೆವು. ಹುಡುಗ ನಗುತ್ತಾ ತಂದಿಟ್ಟ. ಬಿಚ್ಚಿ ನೋಡಿದರೆ ಹಂದಿಯ ಹ್ಯಾಮು. ದನದ್ದಲ್ಲದ್ದೆಲ್ಲ ಅವನ ಲೆಕ್ಕದಲ್ಲಿ ತರಕಾರಿ. ಬ್ಯಾಗಿನಲ್ಲಿದ್ದ ಕೋಡುಬಳೆ ತೆಗೆದೆ. ನಮ್ಮ ಮಾನ ಉಳಿಸುವುದು ಕೊನೆಗೆ ಕೋಡುಬಳೆಯೇ.

ಹೊರಗೆ ಬಂದರೆ ಬೀದಿಯಲ್ಲಿ ನರಪಿಳ್ಳೆ ಇಲ್ಲ. ಎಲ್ಲ ಷಟರ್ ಕೆಳಗೆ. "ಇವತ್ತೇನು, ಬಂದಾ?" ಅಂದರು ಇವರು. ಬಂದಲ್ಲ, ಊರಿಗೆ ಊರೇ ಮಧ್ಯಾಹ್ನದ ನಿದ್ದೆಯಲ್ಲಿತ್ತು. ಗಡಿಯಾರದ ಶಿಸ್ತಿಗೆ ಹೆಸರಾದ ಸ್ವಿಸ್ ಜನರ ಮೊಮ್ಮಕ್ಕಳು, ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿದ್ದರು. ನನಗಂತೂ ಆ ಊರಿನ ಮೇಲೆ ಪ್ರೀತಿ ಹುಟ್ಟಿದ್ದೇ ಆ ಕ್ಷಣದಲ್ಲಿ.

ನೋಡಲು ಉಳಿದಿದ್ದು ಮನೆಗಳ ಮುಂಭಾಗ. ಅಲ್ಲೊಂದು ಚಂದ ಇದೆ. ಮೂಲಪುರುಷರು ಸ್ವಿಟ್ಜರ್ಲೆಂಡಿನ ಯಾವ ಪ್ರಾಂತದಿಂದ ಬಂದವರೋ, ಆ ಪ್ರಾಂತದ ಲಾಂಛನವನ್ನು ಮನೆಯ ಗೋಡೆಗೆ ಗುರಾಣಿಯ ಹಾಗೆ ಹಾಕಿಕೊಂಡಿರುತ್ತಾರೆ. ಒಂದು ಮನೆಗೆ ಕೆಂಪು ನಾಲಿಗೆ ಚಾಚಿದ ಬೆರ್ನ್‌ನ ಕರಡಿ, ಇನ್ನೊಂದಕ್ಕೆ ಮೂಗಿಗೆ ಬಳೆ ಹಾಕಿಕೊಂಡ ಊರಿ ಪ್ರಾಂತದ ಗೂಳಿ, ಮತ್ತೊಂದಕ್ಕೆ ಜ್ಯೂರಿಕ್‌ನ ನೀಲಿ ಬಿಳಿ. ಗೋತ್ರವನ್ನು ಬಾಗಿಲಲ್ಲೇ ಬರೆದುಕೊಂಡರೆ ಎಷ್ಟು ಅನುಕೂಲ, ಕೇಳುವ ಮುಜುಗರ ಇಲ್ಲ ಅಂತ ನಾನು ಯೋಚಿಸುತ್ತಿದ್ದರೆ ಹಿಂದಿನಿಂದ, "ಅಯ್ಯೋ!"

ಉಣ್ಣೆ ಕಾಲುಚೀಲ ತನ್ನ ಕೆಲಸ ಮಾಡಿತ್ತು. ಹಿಮ್ಮಡಿಯಲ್ಲಿ ನೆಲ್ಲಿಕಾಯಿ ಗಾತ್ರದ ಬೊಬ್ಬೆ. ಕುಂಟುತ್ತಾ ನಾಲ್ಕು ಹೆಜ್ಜೆ ಹಾಕಿದವರಿಗೆ ಒಂದು ಬಾಗಿಲ ಪಕ್ಕ ಕೆಂಪು ಹಲಗೆಯಲ್ಲಿ ಬಿಳಿ ಪ್ಲಸ್ ಗುರುತು ಕಂಡಿತು. "ಸದ್ಯ, ಕ್ಲಿನಿಕ್ಕು!" ಅದು ಸ್ವಿಸ್ ಬಾವುಟ ಅಂತ ನಾನು ಬಾಯಿ ಬಿಡುವುದರೊಳಗೆ ಬೆಲ್ ಒತ್ತಿಯಾಗಿತ್ತು. ಪೂರ್ತಿ ಬೈಯುವ ಹಾಗೂ ಇಲ್ಲ. ರೆಡ್ ಕ್ರಾಸಿನ ಗುರುತು ಮಾಡಿಕೊಂಡಿದ್ದೇ ಅದೇ ಬಾವುಟದ ಬಣ್ಣ ಅದಲುಬದಲು ಮಾಡಿ.

ನಿದ್ದೆಗಣ್ಣಿನಲ್ಲಿ ಒಬ್ಬ ಅಜ್ಜಿ ಬಾಗಿಲು ತೆರೆದರು. ಇವರು ಮಾತಿಲ್ಲದೆ ಶೂ ಬಿಚ್ಚಿ ಹಿಮ್ಮಡಿ ತೋರಿಸಿದರು. ಪುಣ್ಯಾತ್ಗಿತ್ತಿ ಬಾಗಿಲು ಹಾಕಿಕೊಳ್ಳಲಿಲ್ಲ. ಒಳಗೆ ಕರೆದು, ಕುರ್ಚಿ ಹಾಕಿ, ಪ್ಲಾಸ್ಟರ್ ತಂದು ತಾವೇ ಹಚ್ಚಿದರು. ಆಮೇಲೆ ಫ್ಲಾಸ್ಕ್ ಬಂತು, ಪುಟ್ಟ ಸೋರೆಬುರುಡೆ ಬಂತು. ಬುರುಡೆ ತುಂಬ ಹಸಿರು ಪುಡಿ, ಅದರಲ್ಲಿ ಲೋಹದ ಕೊಳವೆ. ಬಿಸಿನೀರು ಹುಯ್ದು ಮೊದಲು ತಾವು ಸೊರ್ರ್ ಅಂತ ಹೀರಿ ಮುಗಿಸಿದರು. ಮತ್ತೆ ನೀರು ಹುಯ್ದು, ಅದೇ ಬುರುಡೆ, ಅದೇ ಕೊಳವೆ, ಇವರ ಕೈಗೆ.

ನಮ್ಮ ಮನೆಯವರು ಸ್ವಂತ ಮನೆಯ ಲೋಟವನ್ನೂ ತುಟಿಗೆ ತಾಗಿಸದವರು. ಮದುವೆಮನೆಯಲ್ಲಿ ಪಾಯಸವನ್ನೂ ಎತ್ತಿ ಕುಡಿದು ಅಂಗಿ ಹಾಳು ಮಾಡಿಕೊಂಡವರು. ಕೊಳವೆಯನ್ನು ಎತ್ತಿ ಕುಡಿಯುವುದು ಹೇಗೆ? ಬುರುಡೆಯನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದರು, ನನ್ನನ್ನು ನೋಡಿದರು, ಸೂರು ನೋಡಿದರು. ಅಜ್ಜಿ ಎವೆಯಿಕ್ಕದೆ ಕಾಯುತ್ತಿದ್ದರು. ಕಣ್ಣು ಮುಚ್ಚಿ ಹೀರಿದರು. ಬೇವಿನ ಕಷಾಯದ ಕಹಿ. "ಹೇಗಿದೆ?" ಅಂದೆ. "ಇಷ್ಟು ಬಿಸಿಗೆ ಎಂಜಲು ನಿಲ್ಲಲ್ಲ" ಅಂತ ತಾವೇ ಶಾಸ್ತ್ರ ಬರೆದುಕೊಂಡರು. ಮುಂದಿನ ಸರದಿ ನನ್ನದಾಗಿತ್ತು, ಆ ವಿಷಯ ಬೇಡ.

ಮಗಳಿಗೆ ವಿಡಿಯೋ ಕಾಲ್ ಮಾಡಿ ದುಭಾಷಿ ಮಾಡಿಕೊಂಡೆವು. ಆಗ ಕಥೆ ಬಂತು. 1862ರಲ್ಲಿ ಹುಟ್ಟಿದ ಊರು. ಆ ಕಾಲದ ಸ್ವಿಟ್ಜರ್ಲೆಂಡಿನ ಹಳ್ಳಿಗಳಲ್ಲಿ ಹೊಟ್ಟೆಗಿಲ್ಲದ ಬಡತನ. ಬಾಸೆಲ್‌ನ ಬ್ಯಾಂಕಿನವರು ಇಲ್ಲಿ ಜಮೀನು ಮಾಡಿ ವಲಸೆಗಾರರಿಗೆ ಹಂಚಿದರು. ಸ್ವಿಸ್ ಬ್ಯಾಂಕಿಗೆ ದುಡ್ಡು ಹೋಗುವುದನ್ನಷ್ಟೇ ಕೇಳಿದ್ದ ಇವರು, ಅಲ್ಲಿಂದ ಜನ ಹೊಟ್ಟೆಪಾಡಿಗೆ ಹಡಗು ಹತ್ತಿದ್ದರು ಅಂದರೆ ನಂಬಲೇ ಇಲ್ಲ, ಮಗಳ ಕೈಲಿ ಎರಡೆರಡು ಸಲ ಕೇಳಿಸಿದರು. ಈಗಲೂ ಆಗಸ್ಟ್ 1ಕ್ಕೆ ಸ್ವಿಸ್ ರಾಷ್ಟ್ರೀಯ ದಿನದ ಹಬ್ಬ ಇಲ್ಲಿ ಜೋರಂತೆ. ಅಜ್ಜಿ ಮಾತ್ರ ಸ್ವಿಟ್ಜರ್ಲೆಂಡ್ ನೋಡಿಲ್ಲ. "ಟಿಕೆಟ್ ಬಹಳ ದುಬಾರಿ" ಅಂದರು. ಇವರು ಕೂಡಲೇ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ನಮ್ಮ ಪ್ಯಾಕೇಜ್ ಟೂರಿನ ರೇಟು ಹೇಳಿದರು. ಇಬ್ಬರೂ ಸೇರಿ ಆ ದೇಶವನ್ನು ಚೆನ್ನಾಗಿ ಬೈದರು. ಮಗಳಿಗೆ ಮೀಟಿಂಗು ತಪ್ಪಿತು.

ಹೊರಡುವಾಗ ಅಜ್ಜಿ ವಾಡಿಕೆಯಂತೆ ಇಬ್ಬರ ಕೆನ್ನೆಗೂ ಒಂದೊಂದು ಮುತ್ತು ಕೊಟ್ಟರು. ಇವರು ಕೈ ಮುಗಿದವರು ಮುಗಿದೇ ಇದ್ದರು, ಗೇಟಿನವರೆಗೂ.

ಅಜ್ಜಿ ಹೇಳಿದ ಚೀಸ್ ಅಂಗಡಿ ಅಷ್ಟರಲ್ಲಿ ತೆರೆದಿತ್ತು. ವಲಸೆ ಬಂದವರಿಗೆ ಹಾಲು ಬೇಕಾದಷ್ಟಿತ್ತು, ಅದನ್ನು ಕೆಡದ ಹಾಗೆ ದೂರದ ಪೇಟೆಗೆ ಸಾಗಿಸುವ ದಾರಿ ಇರಲಿಲ್ಲ. ಚೀಸ್ ಆದರೆ ಕೆಡುವುದಿಲ್ಲ. ಹಾಗೆ ಶುರುವಾದ ಕಸುಬು ಬೆಳೆದು, ಇಂದಿಗೂ ಉರುಗ್ವೆಯಲ್ಲಿ 'ಕೊಲೋನಿಯಾ ಚೀಸ್' ಅಂದರೆ ಈ ಸೀಮೆಯದೇ ಹೆಸರು. ಹಳದಿ ಗಡ್ಡೆ, ತುಂಬ ತೂತು. ಒಳಗಿನ ಬ್ಯಾಕ್ಟೀರಿಯಾ ಬಿಡುವ ಗಾಳಿಯಿಂದ ಆಗುವ ತೂತುಗಳು. ಎಲ್ಲರ ಮನೆ ದೋಸೆ ತೂತಾದರೆ ಇವರ ಮನೆ ಚೀಸು. "ತೂತಿಗೂ ದುಡ್ಡಾ?" ಅಂತ ಇವರು ಅನುಮಾನಿಸಿದರು. "ತೂಕಕ್ಕೆ ಕೊಡ್ತಾರೆ ರೀ, ತೂತು ಪುಕ್ಕಟೆ" ಅಂದೆ. ಖುಷಿಯಾಗಿ ಎರಡು ಕಿಲೋ ಹಾಕಿಸಿದರು.

ದಿನಾ ಮೊಸರಿಗೆ ಹೆಪ್ಪು ಹಾಕುವವಳು ನಾನು, ಇದಕ್ಕೆ ಹೆಪ್ಪು ಏನು ಅಂತ ತಿಳಿಯದೆ ಇರಲಾಗಲಿಲ್ಲ. ಕೈಸನ್ನೆಯಲ್ಲೇ ಕೇಳಿದೆ. ಅಂಗಡಿಯಾಕೆ ನಕ್ಕು, ಗೋಡೆಯ ಚಿತ್ರದಲ್ಲಿದ್ದ ಕರುವಿನ ಹೊಟ್ಟೆಯ ಮೇಲೆ ಬೆರಳಿಟ್ಟಳು. "ಕರುವಿಗೆ ಹೊಟ್ಟೆ ತುಂಬ ಕುಡಿಸಿ, ಮಿಕ್ಕ ಹಾಲು ಕರೀತಾರಂತೆ. ನೋಡು ಎಂಥ ಧರ್ಮ!" ಅಂತ ಇವರು ಅರ್ಥ ಹೇಳಿದರು. ವಾಪಸ್ ಬರುವ ಬಸ್ಸಿನಲ್ಲಿ ಆ ಧರ್ಮಕ್ಕೆ ಮನಸೋತು ಅರ್ಧ ಕಿಲೋ ಮುಗಿಸಿದರು.

ರಾತ್ರಿ ಮಗಳು ಚೀಸಿನ ಪೊಟ್ಟಣ ತಿರುಗಿಸಿ ಓದಿದಳು. "ಅಪ್ಪಾ, ಹಾಲು ಒಡೆಯೋಕೆ ಇದಕ್ಕೆ ರೆನೆಟ್ ಹಾಕಿದಾರೆ. ಕರುವಿನ ಹೊಟ್ಟೆಯಿಂದ ತೆಗೆಯೋದು."

ಊಟದ ಮೇಜಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಇವರು ಉಳಿದಿದ್ದ ಗಡ್ಡೆಯನ್ನು ಕೈಗೆತ್ತಿಕೊಂಡು ದೀಪಕ್ಕೆ ಹಿಡಿದು ನೋಡಿದರು.

"ನಾನು ತಿಂದಿದ್ದರಲ್ಲಿ ತೂತೇ ಜಾಸ್ತಿ ಇತ್ತು ಬಿಡು" ಅಂದರು.